ತುಂಗಭದ್ರೆಯ ಹಸಿರು ನೀರನ್ನು ಉಪಗ್ರಹದಿಂದ ಅಳೆಯುವುದು

ಬಾಟಲಿಗೆ ತುಂಬಿದ ನೀರನ್ನು ಉಪಗ್ರಹದ ಚಿತ್ರದೊಂದಿಗೆ ತಾಳೆ ನೋಡಬೇಕಾದ್ದರಿಂದ, ಮುನಿರಾಬಾದ್ ಕಡೆಯಿಂದ ಹಿನ್ನೀರಿಗೆ ತೆಪ್ಪ ಇಳಿಸುವ ದಿನ ಉಪಗ್ರಹ ಹಾದುಹೋಗುವ ದಿನವೇ ಆಗಿರಬೇಕು. ಯುರೋಪಿನ ಸೆಂಟಿನೆಲ್-2 ಸರಣಿಯ ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ತುಂಗಭದ್ರಾ ಜಲಾಶಯದ ಮೇಲೆ ಬರುತ್ತವೆ, ಬೆಳಿಗ್ಗೆ ಸುಮಾರು 10:45ರಿಂದ 11 ಗಂಟೆಯೊಳಗೆ. ಹಿಂದಿನ ಚಿತ್ರದ ತಾರೀಖು ಕೈಯಲ್ಲಿದ್ದರೆ ಅದಕ್ಕೆ 5, 10, 15 ಎಂದು ಕೂಡಿಸುತ್ತ ಹೋದರೆ ಮುಂದಿನ ದಿನಗಳು ಸಿಗುತ್ತವೆ. ಆ ದಿನ ಮೋಡ ಕವಿದರೆ ಮತ್ತೆ 5 ದಿನ ಕಾಯಬೇಕು. ಒಂದು ದಿನ ಹಿಂದೆಮುಂದೆ ನೀರು ತಂದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಿಳಿ ನೀರಿಗಾದರೆ ನಡೆದೀತು, ಹಸಿರು ನೀರಿಗೆ ನಡೆಯುವುದಿಲ್ಲ. ಇದಕ್ಕೆ ಕಾರಣವನ್ನು ಹಿನ್ನೀರಿನಲ್ಲಿ ಮೀನು ಹಿಡಿಯುವವರು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಮುಂಜಾನಿ ನೀರ ಮ್ಯಾಲ ದಪ್ಪಗ ಇರ್ತೈತ್ರಿ, ಗಾಳಿ ಎದ್ದ ಮ್ಯಾಲ ದಂಡಿಗೆ ಹೋಗಿ ಕೂಡ್ತೈತ್ರಿ."

ನೀಲಿ-ಹಸಿರು ಪಾಚಿಯ ಸ್ವಭಾವವೇ ಅದು. ಮೈಕ್ರೊಸಿಸ್ಟಿಸ್ ಜಾತಿಯ ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಚೀಲಗಳಿರುತ್ತವೆ. ಗಾಳಿಯಿಲ್ಲದ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಪಾಚಿಯ ಗುಂಪುಗಳೆಲ್ಲ ಮೇಲೆದ್ದು ಕೆನೆಯ ಹಾಗೆ ಕಟ್ಟಿಕೊಳ್ಳುತ್ತವೆ. ಹೊತ್ತೇರಿ ಗಾಳಿ ಎದ್ದರೆ ಆ ಕೆನೆ ಒಡೆದು ನೀರಿನೊಳಗೆ ಕಲೆಯುತ್ತದೆ, ಇಲ್ಲವೇ ಒಂದು ದಂಡೆಗೆ ಹೋಗಿ ಒತ್ತುತ್ತದೆ. ಬೆಳಿಗ್ಗೆ 8ಕ್ಕೆ ತುಂಬಿದ ಬಾಟಲಿಗೂ ಮಧ್ಯಾಹ್ನ 2ಕ್ಕೆ ಅದೇ ಜಾಗದಲ್ಲಿ ತುಂಬಿದ ಬಾಟಲಿಗೂ ಅಜಗಜಾಂತರ ಇರಬಹುದು. ಉಪಗ್ರಹ ಹಾಯುವ ಗಳಿಗೆಯ ಹಿಂದೆಮುಂದೆ 3 ಗಂಟೆಯವರೆಗೆ ತೆಗೆದ ನೀರನ್ನು ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯ ರೂಢಿ. ಪಾಚಿ ಎದ್ದಿರುವ ವಾರಗಳಲ್ಲಿ ನಾವು ಅದನ್ನು 1 ಗಂಟೆಗೆ ಇಳಿಸುತ್ತೇವೆ. ಹೆಚ್ಚು ಬಿಂದುಗಳ ಆಸೆಗೆ ಸಮಯ ಸಡಿಲಿಸಿದರೆ ಆಮೇಲೆ ಎಂಥ ಸೂತ್ರ ಹಾಕಿದರೂ ಕೂಡಿಬರುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ತುಂಬಿದಾಗ ಈ ಜಲಾಶಯ ಸುಮಾರು 378 ಚದರ ಕಿಲೊಮೀಟರ್ ಹರಡಿಕೊಳ್ಳುತ್ತದೆ. ಪೂರ್ಣ ಮಟ್ಟ 1633 ಅಡಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105.788 ಟಿಎಂಸಿಯ ಲೆಕ್ಕದಲ್ಲಿದೆ. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆಗೆ ಹೋಗುತ್ತದೆ. ಬಲದಂಡೆಯ ಮೇಲ್ಮಟ್ಟದ, ಕೆಳಮಟ್ಟದ ಕಾಲುವೆಗಳು ಬಳ್ಳಾರಿ ಕಡೆಗೆ. ಭತ್ತಕ್ಕೆ ಹೋಗುವ ಅದೇ ನೀರು ದಾರಿಯಲ್ಲಿ ಊರೂರಿನ ಕುಡಿಯುವ ನೀರಿನ ಕೆರೆಗಳನ್ನೂ ತುಂಬಿಸುತ್ತದೆ. ಮಳೆಗಾಲದ ರಾಡಿ ತಿಳಿಯಾಗಿ, ಒಳಹರಿವು ಕಮ್ಮಿಯಾಗಿ, ಬಿಸಿಲು ಚುರುಕಾದ ಮೇಲೆ ಹಸಿರು ಕಾಣಿಸಿಕೊಳ್ಳುತ್ತದೆ. ಮೇಲಿನ ಊರುಗಳ ಚರಂಡಿ ನೀರು, ಹೊಲಗಳಿಂದ ತೊಳೆದು ಬಂದ ಗೊಬ್ಬರದ ರಂಜಕ, ನಿಂತ ಬೆಚ್ಚಗಿನ ನೀರು, ಇವು ಮೂರೂ ಒಟ್ಟಿಗೆ ಸೇರಿದರೆ ಪಾಚಿಗೆ ಬೇರೇನೂ ಬೇಡ. ಇಷ್ಟು ದೊಡ್ಡ ನೀರಿನಲ್ಲಿ ತಿಂಗಳಿಗೊಮ್ಮೆ ನಾಲ್ಕು ಕಡೆ ನಾಲ್ಕು ಬಾಟಲಿ ತುಂಬಿದರೆ ಹಸಿರು ಎಲ್ಲಿ ಹುಟ್ಟಿತು, ಎಲ್ಲಿಗೆ ಸರಿಯಿತು ಎನ್ನುವುದು ತಿಳಿಯುವುದೇ ಇಲ್ಲ. ಅದನ್ನು ತೋರಿಸುವುದು ಉಪಗ್ರಹದ ಕೆಲಸ. ಎಷ್ಟಿದೆ ಎನ್ನುವುದಕ್ಕೆ ಬಾಟಲಿಯೇ ಸಾಕ್ಷಿ.

ತೆಪ್ಪಕ್ಕೆ ಏರಿಸುವ ಸಾಮಾನು: 1 ಲೀಟರಿನ ಕಂದು ಬಾಟಲಿಗಳು, ಮಂಜುಗಡ್ಡೆ ತುಂಬಿದ ಡಬ್ಬ, ನೀರು ಎಷ್ಟು ತಿಳಿ ಎಂದು ಅಳೆಯುವ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ಸೆಕ್ಕಿ ತಟ್ಟೆ, ಜಿಪಿಎಸ್ ಇರುವ ಫೋನ್, ಪೆನ್ಸಿಲ್, ರಟ್ಟಿಗೆ ಕಟ್ಟಿದ ಹಾಳೆ. ಪೆನ್ನು ಬೇಡ, ಒದ್ದೆ ಕೈಯಲ್ಲಿ ಶಾಯಿ ಕದಡುತ್ತದೆ. ಸೆಕ್ಕಿ ತಟ್ಟೆಯನ್ನು ತೆಪ್ಪದ ನೆರಳಿನ ಬದಿಯಲ್ಲಿ ಇಳಿಸಬೇಕು. ಮರೆಯಾದ ಆಳ, ಮತ್ತೆ ಮೇಲೆಳೆಯುವಾಗ ಕಂಡ ಆಳ, ಎರಡನ್ನೂ ಬರೆದು ಸರಾಸರಿ ಹಿಡಿಯಬೇಕು. ತಂಪು ಕನ್ನಡಕ ತೆಗೆದಿಡಬೇಕು. ತೆಪ್ಪದ ತೊಂದರೆ ಅಂದರೆ ಅದು ನಿಂತಲ್ಲಿ ನಿಲ್ಲದೆ ತಿರುಗುತ್ತದೆ. ಹಗ್ಗ ಓರೆಯಾಗಿ ಆಳ ಹೆಚ್ಚು ತೋರುತ್ತದೆ. ತಟ್ಟೆಯ ಕೆಳಗೆ ಒಂದೂವರೆ ಎರಡು ಕಿಲೊ ಭಾರ ಕಟ್ಟಿದರೆ ಹಗ್ಗ ನೆಟ್ಟಗೆ ಇಳಿಯುತ್ತದೆ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ. ಹಾಗಾಗಿ 10 ಸೆಂಟಿಮೀಟರಿನ ಗುರುತುಗಳನ್ನು ಹಗ್ಗ ಒದ್ದೆಯಿದ್ದಾಗಲೇ ಟೇಪಿನಿಂದ ಅಳೆದು ಹಾಕಬೇಕು. ತಟ್ಟೆ ಮರೆಯಾಗುವ ಮೊದಲೇ ತಳ ಮುಟ್ಟಿದರೆ ಆ ಬಿಂದುವನ್ನು ಬಿಟ್ಟುಬಿಡಿ. ಅಲ್ಲಿ ಉಪಗ್ರಹಕ್ಕೂ ಕಾಣುತ್ತಿರುವುದು ನೀರಿನ ಜೊತೆ ನೆಲದ ಬಣ್ಣ.

ನೀರನ್ನು ಸಾಮಾನ್ಯವಾಗಿ 30 ಸೆಂಟಿಮೀಟರ್ ಆಳದಿಂದ ತೆಗೆಯುತ್ತಾರೆ. ಕೆನೆ ಕಟ್ಟಿರುವ ಕಡೆ ಇದೊಂದೇ ಸಾಲದು. ಬಾಟಲಿಯ ಬಾಯಿ ಕೆನೆಯನ್ನು ದಾಟಿ ಕೆಳಗೆ ಹೋಗಿ ತಿಳಿ ನೀರು ತುಂಬಿಕೊಳ್ಳುತ್ತದೆ, ಉಪಗ್ರಹ ನೋಡುವುದು ಮೇಲಿನ ಕೆನೆಯನ್ನು. ಅಂಥ ಕಡೆ ಮೇಲ್ಪದರದ್ದೊಂದು, 30 ಸೆಂಟಿಮೀಟರಿನದೊಂದು, ಎರಡು ಬಾಟಲಿ ತುಂಬಿ ಬೇರೆ ಬೇರೆ ಗುರುತು ಹಾಕಬೇಕು. ಕೆನೆಗೆ ಬರಿಗೈ ತಾಗಿಸಬೇಡಿ, ಚರ್ಮಕ್ಕೆ ತುರಿಕೆ ಬರುತ್ತದೆ. ರಬ್ಬರ್ ಕೈಗವಸು ಹಾಕಿಕೊಳ್ಳಿ.

ಬಿಂದುಗಳನ್ನು ಆರಿಸುವಾಗ ದಂಡೆಯಿಂದ ಕನಿಷ್ಠ 100 ಮೀಟರ್ ಒಳಗಿರಬೇಕು. ಉಪಗ್ರಹ ಚಿತ್ರದ ಒಂದೊಂದು ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ, 20 ಮೀಟರಿನ ಪಿಕ್ಸೆಲ್ ಲೆಕ್ಕದಲ್ಲಿ ಅದು 5 ಪಿಕ್ಸೆಲ್. ಅಣೆಕಟ್ಟಿನ ಮುಂದೆ, ನಡುನೀರಿನಲ್ಲಿ, ಒಂದೊಂದು ಕೊಲ್ಲಿಯಲ್ಲಿ, ಹಿನ್ನೀರಿನ ಬಾಲದಲ್ಲಿ ಹೀಗೆ ಹಂಚಿ ಕನಿಷ್ಠ ಒಂದು ಡಜನ್ ಬೇಕು. ಎಲ್ಲ ಬಿಂದುಗಳೂ ಹಸಿರಿನಲ್ಲೇ ಇದ್ದರೆ ಗ್ರಾಫಿನಲ್ಲಿ ಚುಕ್ಕೆಗಳು ಒಂದೇ ಮೂಲೆಗೆ ಗುಂಪುಗೂಡಿ ಗೆರೆ ಎಳೆಯಲು ಬರುವುದಿಲ್ಲ. ತಿಳಿ ನೀರಿನವೂ ಇರಲಿ. ಅಕ್ಷಾಂಶ ರೇಖಾಂಶಗಳನ್ನು ಬಾಟಲಿ ಮುಳುಗಿಸುವ ಗಳಿಗೆಯಲ್ಲೇ ಬರೆಯಬೇಕು, ಏಕೆಂದರೆ ತೆಪ್ಪ ತೇಲುತ್ತಲೇ ಇರುತ್ತದೆ. ದಶಾಂಶದ 5 ಅಂಕಿ ಇದ್ದರೆ ಸುಮಾರು ಒಂದು ಮೀಟರಿನ ನಿಖರತೆ. ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಫೋನ್ 15 ಡಿಗ್ರಿ 17 ನಿಮಿಷ ಎಂದು ತೋರಿಸಿದ್ದನ್ನು ಹಾಳೆಯಲ್ಲಿ 15.17 ಎಂದು ಬರೆಯುವುದು. 17 ನಿಮಿಷ ಎಂದರೆ 0.2833 ಡಿಗ್ರಿ. ಈ ಒಂದು ತಪ್ಪಿಗೆ ಬಿಂದು 12 ಕಿಲೊಮೀಟರಿಗಿಂತ ಹೆಚ್ಚು ತೆಂಕಣಕ್ಕೆ ಹೋಗಿ ಬೀಳುತ್ತದೆ, ಮತ್ತು ಜಲಾಶಯ ದೊಡ್ಡದಾದ್ದರಿಂದ ಅಲ್ಲೂ ನೀರೇ ಸಿಕ್ಕಿ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಪಾಚಿಯ ಹಸಿರು ಬಣ್ಣವಾದ ಕ್ಲೋರೊಫಿಲ್ ಎಷ್ಟಿದೆ ಎಂದು ಅಳೆಯುವ ಪ್ರಯೋಗಾಲಯದ ಕೆಲಸ ಅದೇ ಸಂಜೆ ಶುರುವಾಗಬೇಕು. ಮಬ್ಬು ಬೆಳಕಿನಲ್ಲಿ, 0.7 ಮೈಕ್ರಾನಿನ ಗಾಜುನಾರಿನ ಫಿಲ್ಟರ್ ಕಾಗದದ ಮೂಲಕ ನೀರನ್ನು ನಿರ್ವಾತದಲ್ಲಿ ಸೋಸಬೇಕು. ತಿಳಿ ನೀರಾದರೆ 1 ಲೀಟರ್ ಸೋಸಿದರೂ ಇಳಿಯುತ್ತದೆ, ಹಸಿರು ನೀರಾದರೆ 200 ಮಿಲಿಲೀಟರಿಗೇ ಕಾಗದ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮೇಲೆ ಒತ್ತಡ ಹೆಚ್ಚಿಸಬೇಡಿ, ಕೋಶ ಒಡೆದು ಬಣ್ಣ ಸೋಸಿದ ನೀರಿನ ಜೊತೆ ಹೋಗಿಬಿಡುತ್ತದೆ. ಕಾಗದವನ್ನು 90 ಶೇಕಡಾ ಅಸಿಟೋನಿನಲ್ಲಿ ಅರೆದು, 10 ಮಿಲಿಲೀಟರಿಗೆ ತಂದು, ಕತ್ತಲೆಯಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಅರೆಯುವುದನ್ನು ತಪ್ಪಿಸುವಂತಿಲ್ಲ. ಮೈಕ್ರೊಸಿಸ್ಟಿಸ್ ಗುಂಪುಗಳ ಸುತ್ತ ಲೋಳೆಯಿರುತ್ತದೆ, ಸುಮ್ಮನೆ ನೆನೆಹಾಕಿದರೆ ಕ್ಲೋರೊಫಿಲ್ ಪೂರ್ತಿ ಬಿಡುವುದಿಲ್ಲ. ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳು ಅಸಿಟೋನಿಗೆ ಕರಗಿ ಮಂಜಾಗುತ್ತವೆ. ಗಾಜಿನದೇ ಬೇಕು.

ಮಾರನೆಯ ದಿನ ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೊಫೊಟೊಮೀಟರಿನಲ್ಲಿ 630, 647, 664 ಮತ್ತು 750 ನ್ಯಾನೊಮೀಟರಿನಲ್ಲಿ ಓದು. 750ರ ಓದನ್ನು ಉಳಿದ ಮೂರರಿಂದಲೂ ಕಳೆಯಬೇಕು, ಅದು ದ್ರಾವಣದಲ್ಲಿ ಉಳಿದ ಮಬ್ಬಿನದು. ಆಮೇಲೆ 11.85 ಗುಣಿಸು 664ರ ಓದು, ಅದರಿಂದ 1.54 ಗುಣಿಸು 647ರ ಓದು ಮತ್ತು 0.08 ಗುಣಿಸು 630ರ ಓದನ್ನು ಕಳೆದರೆ ದ್ರಾವಣದ ಪ್ರತಿ ಮಿಲಿಲೀಟರಿನ ಮೈಕ್ರೊಗ್ರಾಂ ಸಿಗುತ್ತದೆ. ಲೆಕ್ಕಕ್ಕೆಂದು 0.082, 0.026, 0.020 ಎಂಬ ಓದುಗಳನ್ನು ಹಿಡಿದರೆ 0.93 ಬರುತ್ತದೆ. ಅದನ್ನು 10 ಮಿಲಿಲೀಟರಿನಿಂದ ಗುಣಿಸಿ, ಸೋಸಿದ 0.2 ಲೀಟರಿನಿಂದ ಭಾಗಿಸಿದರೆ ಲೀಟರಿಗೆ 46.5 ಮೈಕ್ರೊಗ್ರಾಂ. ಇದು ದ್ರಾವಣ ಹಾಕಿ ಓದುವ ಪಾತ್ರೆ (ಕ್ಯುವೆಟ್) 1 ಸೆಂಟಿಮೀಟರಿನದಾಗಿದ್ದರೆ. ಸೋಸಿದ ಪ್ರಮಾಣವನ್ನು ಹಾಳೆಯಲ್ಲಿ ಬರೆಯಲು ಮರೆತರೆ ಇಡೀ ಬಿಂದು ಹಾಳು.

ಇನ್ನು ಚಿತ್ರ. ಸೆಂಟಿನೆಲ್ ಚಿತ್ರಗಳು ಸಿಗುವ ಕೋಪರ್ನಿಕಸ್ ಜಾಲತಾಣದಲ್ಲಿ ಉಚಿತವಾಗಿ ಖಾತೆ ತೆರೆದು 43ಪಿಎಫ್‌ಎಸ್ ಎಂಬ ಟೈಲ್, ಅಂದರೆ ಚಿತ್ರದ ಚೌಕ, ಹುಡುಕಿದರೆ ಜಲಾಶಯ ಹೆಚ್ಚುಕಮ್ಮಿ ಪೂರ್ತಿ ಅದರಲ್ಲಿ ಸಿಗುತ್ತದೆ. ಕಡತದ ಹೆಸರಿನಲ್ಲಿರುವ ವೇಳೆ ಗ್ರೀನಿಚ್ ವೇಳೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಎರಡು ಹಂತದ ಕಡತಗಳಿವೆ. ಎಲ್1ಸಿ ಎಂದರೆ ವಾತಾವರಣದ ಬೆಳಕು ಸೇರಿಯೇ ಇರುವುದು. ಎಲ್2ಎ ಎಂದರೆ ಅದನ್ನು ಕಳೆದದ್ದು. ಎರಡನೆಯದೇ ಸುಲಭ ಅನ್ನಿಸುತ್ತದೆ, ಆದರೆ ಅಲ್ಲಿನ ತಿದ್ದುಪಡಿ ನೆಲಕ್ಕೆಂದು ಮಾಡಿದ್ದು. ನೀರು ಕಪ್ಪು. ಅದರ ಮೇಲಿಂದ ಉಪಗ್ರಹ ತಲುಪುವ ಬೆಳಕಿನಲ್ಲಿ ಬಹುಪಾಲು ಗಾಳಿ, ಧೂಳಿನಿಂದ ಚದುರಿದ್ದೇ ಆಗಿರುತ್ತದೆ. ನೀರಿನೊಳಗಿಂದ ಎದ್ದು ಬಂದದ್ದು ಅದರಲ್ಲೊಂದು ಸಣ್ಣ ಪಾಲು. ಆ ದೊಡ್ಡದನ್ನು ಕಳೆಯುವಾಗ ಚೂರು ತಪ್ಪಿದರೂ ಉಳಿದ ಸಣ್ಣದು ಕೆಟ್ಟುಹೋಗುತ್ತದೆ.

ಆದರೂ ಮೊದಲ ನೋಟಕ್ಕೆ ಎಲ್2ಎ ಸಾಕು, ಒಂದು ಎಚ್ಚರಿಕೆಯೊಂದಿಗೆ. 2022ರ ಜನವರಿ 25ರಿಂದ ಈ ಕಡತಗಳ ಅಂಕಿಗಳಿಗೆ 1000 ಕೂಡಿಸಿ ಇಡಲಾಗುತ್ತಿದೆ. ಪ್ರತಿಫಲನ ಬೇಕಾದರೆ ಅಂಕಿಯಿಂದ 1000 ಕಳೆದು 10000ದಿಂದ ಭಾಗಿಸಬೇಕು. ಹಳೆಯ ಸ್ಕ್ರಿಪ್ಟ್‌ಗಳು ಇದನ್ನು ಮಾಡುವುದಿಲ್ಲ. ಉಪಗ್ರಹ ಬೆಳಕನ್ನು ಬಣ್ಣಬಣ್ಣದ ಪಟ್ಟಿಗಳಾಗಿ ಅಳೆಯುತ್ತದೆ, ಒಂದೊಂದು ಪಟ್ಟಿ ಒಂದು ಬ್ಯಾಂಡ್. ಒಂದು ಪಿಕ್ಸೆಲ್ ಹಿಡಿದು ನೋಡೋಣ: ಕೆಂಪಿನ ಬಿ4 ಬ್ಯಾಂಡಿನಲ್ಲಿ 1420, 705 ನ್ಯಾನೊಮೀಟರಿನ ಬಿ5ರಲ್ಲಿ 1610 ಇದೆ ಎಂದುಕೊಳ್ಳಿ. 1000 ಕಳೆದರೆ 0.042 ಮತ್ತು 0.061. ಹಸಿರಿಗೆ ಹೆಚ್ಚಾಗಿ ಬಳಸುವ ಎನ್‌ಡಿಸಿಐ ಸೂಚ್ಯಂಕ ಎಂದರೆ ಬಿ5ರಿಂದ ಬಿ4 ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು. ಇಲ್ಲಿ 0.019ನ್ನು 0.103ರಿಂದ ಭಾಗಿಸಿದರೆ 0.184. ಕಳೆಯದೆ ಮಾಡಿದರೆ 190ನ್ನು 3030ರಿಂದ ಭಾಗಿಸಿದಂತಾಗಿ 0.063. ಅದೇ ನೀರು, ಮೂರರಲ್ಲೊಂದು ಪಾಲು ಉತ್ತರ. 2021ರ ನವೆಂಬರನ್ನೂ 2022ರ ನವೆಂಬರನ್ನೂ ಹೀಗೆ ಪಕ್ಕಪಕ್ಕ ಇಟ್ಟರೆ ಜಲಾಶಯ ಒಂದೇ ವರ್ಷದಲ್ಲಿ ಶುದ್ಧವಾಯಿತು ಎಂಬ ಸುಳ್ಳು ನಕ್ಷೆ ಸಿದ್ಧವಾಗುತ್ತದೆ.

705 ನ್ಯಾನೊಮೀಟರ್ ಯಾಕೆ ಎನ್ನುವುದನ್ನೂ ಹೇಳಬೇಕು. ಕ್ಲೋರೊಫಿಲ್ 665ರ ಆಸುಪಾಸಿನ ಕೆಂಪನ್ನು ಹೀರುತ್ತದೆ. 705ರ ಹತ್ತಿರ ಅದರ ಹೀರಿಕೆ ನಿಂತು, ನೀರಿನ ಹೀರಿಕೆ ಇನ್ನೂ ಜೋರಾಗಿರುವುದಿಲ್ಲ. ಪಾಚಿಯ ಕಣಗಳು ಚದುರಿಸಿದ ಬೆಳಕು ಅಲ್ಲೊಂದು ದಿಬ್ಬವಾಗಿ ಏಳುತ್ತದೆ. ಪಾಚಿ ಹೆಚ್ಚಾದಷ್ಟೂ 665ರಲ್ಲಿ ಗುಂಡಿ, 705ರಲ್ಲಿ ದಿಬ್ಬ. ನೀಲಿ ಮತ್ತು ಹಸಿರು ಬ್ಯಾಂಡುಗಳ ಅನುಪಾತ ಸಮುದ್ರಕ್ಕೆ ಸರಿ, ನಮ್ಮ ಹಿನ್ನೀರಿನಂಥ ಹೂಳುನೀರಿಗೆ ಒಗ್ಗುವುದಿಲ್ಲ.

ನಿಜವಾದ ಲೆಕ್ಕಕ್ಕೆ ಎಲ್1ಸಿ ತೆಗೆದುಕೊಂಡು ಸ್ನ್ಯಾಪ್ ತಂತ್ರಾಂಶದಲ್ಲಿ ತೆರೆಯಬೇಕು. ಬ್ಯಾಂಡುಗಳು 10, 20, 60 ಮೀಟರ್ ಎಂದು ಬೇರೆ ಬೇರೆ ಅಳತೆಯಲ್ಲಿರುವುದರಿಂದ ಎಲ್ಲವನ್ನೂ 20 ಮೀಟರಿಗೆ ತಂದು, ಜಲಾಶಯದ ಚೌಕವನ್ನಷ್ಟೇ ಕತ್ತರಿಸಿಕೊಂಡು, ವಾತಾವರಣದ ಬೆಳಕನ್ನು ನೀರಿಗೆ ತಕ್ಕಂತೆ ಕಳೆಯುವ ಸಿ2ಆರ್‌ಸಿಸಿ ಓಡಿಸುವುದು. ಅದರ ಮೂಲ ಆಯ್ಕೆಗಳು ಸಮುದ್ರಕ್ಕೆಂದು ಇಟ್ಟವು: ಉಪ್ಪಿನಂಶ 35, ಉಷ್ಣತೆ 15. ನಮ್ಮಲ್ಲಿ ಉಪ್ಪಿನಂಶ ಹತ್ತಿರಹತ್ತಿರ ಸೊನ್ನೆ, ಉಷ್ಣತೆ ತೆಪ್ಪದಲ್ಲಿ ಅಳೆದದ್ದು. ಎತ್ತರ ಸುಮಾರು 497 ಮೀಟರ್. ಇಲ್ಲಿ ಒಂದು ಬಲೆಯಿದೆ. ಗಾಳಿಯ ಒತ್ತಡ ಕೇಳುವ ಖಾನೆ ಸಮುದ್ರಮಟ್ಟದ ಒತ್ತಡವನ್ನು ಕೇಳುತ್ತದೆ. ಎತ್ತರವನ್ನೂ ಕೊಟ್ಟು, ಒತ್ತಡದ ಖಾನೆಯಲ್ಲಿ ಜಲಾಶಯದ ಮಟ್ಟದ ಸುಮಾರು 955 ಹೆಕ್ಟೊಪ್ಯಾಸ್ಕಲನ್ನೂ ಹಾಕಿದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ. ನೀಲಿ ಬ್ಯಾಂಡಿನಲ್ಲಿ ಇದರ ಪೆಟ್ಟು ಹೆಚ್ಚು. ಅದೇ ಕೆಲಸದ ಇನ್ನೊಂದು ತಂತ್ರಾಂಶವಾದ ಆಕೊಲೈಟ್ ಬಳಸುವವರು ಚೌಕದ ಮಿತಿಯನ್ನು ತೆಂಕಣ, ಪಡುವಣ, ಬಡಗಣ, ಮೂಡಣ ಎಂಬ ಅನುಕ್ರಮದಲ್ಲೇ ಕೊಡಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ತಂತ್ರಾಂಶಗಳೆಲ್ಲ ನೀರಲ್ಲದ್ದನ್ನು ಮೊದಲೇ ತೆಗೆದುಹಾಕುತ್ತವೆ. ಸಿ2ಆರ್‌ಸಿಸಿಯ ಮೂಲ ನಿಯಮದಲ್ಲಿ ಅವಗೆಂಪಿನ ಬಿ8 ಬ್ಯಾಂಡಿನ ಪ್ರತಿಫಲನ 0.1ಕ್ಕಿಂತ ಕಮ್ಮಿ ಇದ್ದರೆ ಮಾತ್ರ ಆ ಪಿಕ್ಸೆಲ್ ನೀರು. ಎಲ್2ಎ ಜೊತೆ ಬರುವ ವರ್ಗ ನಕ್ಷೆಯಲ್ಲಿ 6 ಎಂದರೆ ನೀರು, 4 ಎಂದರೆ ಗಿಡಗಂಟಿ. ಕೆನೆ ಕಟ್ಟಿದ ಪಾಚಿ ಅವಗೆಂಪಿನಲ್ಲಿ ಹುಲ್ಲಿನ ಹಾಗೇ ಹೊಳೆಯುತ್ತದೆ. ತಂತ್ರಾಂಶ ಅದನ್ನು ಗಿಡವೆಂದು ಎಣಿಸಿ ಕತ್ತರಿಸಿ ಎಸೆಯುತ್ತದೆ. ಉಳಿದ ತಿಳಿಹಸಿರಿನ ಸರಾಸರಿ ತೆಗೆದರೆ ಅಂಕಿ ಸಾಧುವಾಗಿ ಕಾಣುತ್ತದೆ. ಅಂದರೆ ನೀರು ಹೆಚ್ಚು ಕೆಟ್ಟಷ್ಟೂ ನಕ್ಷೆಯಲ್ಲಿ ಕೆಟ್ಟ ಭಾಗ ಮಾಯವಾಗುತ್ತ ಹೋಗುತ್ತದೆ. ಹಸಿರು ಮುದ್ದೆಯ ನಡುವೆ ಬಿಳಿ ತೂತುಗಳಿರುವ ನಕ್ಷೆ ಕೈಗೆ ಬಂದರೆ ಆ ತೂತುಗಳನ್ನೇ ಮೊದಲು ನೋಡಬೇಕು. ಜನ ಕುಡಿಯುವ ನೀರಿನ ಪ್ರಶ್ನೆಯಾದ್ದರಿಂದ ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ತೂತಿನಲ್ಲಿರುವುದು ಕೆನೆಯೋ, ಅಂತರಗಂಗೆಯೋ, ನೀರು ಇಳಿದ ಮೇಲೆ ದಂಡೆಯಲ್ಲಿ ಚಿಗುರಿದ ಹುಲ್ಲೋ? ಮೂರೂ ಒಂದೇ ಥರ ಕಾಣುತ್ತವೆ. ಮೊದಲ ಒರೆ ಆಕಾರದ್ದು. ಕೆನೆ ಗಾಳಿಯ ದಿಕ್ಕಿಗೆ ಬಾಚಿದ ಹಾಗೆ ಎಳೆಎಳೆಯಾಗಿ ಇರುತ್ತದೆ, 5 ದಿನದಲ್ಲಿ ಜಾಗ ಬದಲಿಸುತ್ತದೆ. ಹುಲ್ಲು ಬಂದದ್ದು ಅಲ್ಲೇ ಇರುತ್ತದೆ. ಎರಡನೆಯ ಒರೆ ರಾಡಾರಿನದು. ಅದೇ ವಾರದ ಸೆಂಟಿನೆಲ್-1 ಚಿತ್ರದಲ್ಲಿ ಕೆನೆ ಅಲೆಗಳನ್ನು ಅಡಗಿಸುವುದರಿಂದ ಕಪ್ಪಾಗಿಯೇ ಇರುತ್ತದೆ. ಎದ್ದು ನಿಂತ ಎಲೆ, ಹುಲ್ಲು ಬೆಳ್ಳಗೆ ಕಾಣುತ್ತವೆ. ನೀರಿನ ಎಲ್ಲೆಯನ್ನು ಕೂಡ ಅದೇ ವಾರದ ಚಿತ್ರದಿಂದಲೇ ಎಳೆಯಬೇಕು. ಆಗಸ್ಟಿನಲ್ಲಿ ತುಂಬಿದಾಗಿನ ಎಲ್ಲೆಯನ್ನು ಫೆಬ್ರವರಿಗೂ ಹಾಕಿದರೆ, ಅಷ್ಟೊತ್ತಿಗೆ ನೀರು ಹಿಂದೆ ಸರಿದು ಕುರಿ ಮೇಯುತ್ತಿರುವ ಬಯಲೆಲ್ಲ ಪಾಚಿಯ ಲೆಕ್ಕಕ್ಕೆ ಸೇರುತ್ತದೆ.

ದಂಡೆಯ ಪಿಕ್ಸೆಲ್ ಬಿಡಿ ಎಂದದ್ದಕ್ಕೂ ಇಲ್ಲೇ ಕಾರಣವಿದೆ. ಪಕ್ಕದ ಬೆಳಗುವ ನೆಲದಿಂದ ಎದ್ದ ಬೆಳಕು ಗಾಳಿಯಲ್ಲಿ ಚದುರಿ ನೀರಿನ ಪಿಕ್ಸೆಲ್ಲಿಗೆ ಬಂದು ಸೇರುತ್ತದೆ. ಸುತ್ತ ಪೈರಿದ್ದರೆ ಅವಗೆಂಪು ಏರಿ ದಂಡೆಯುದ್ದಕ್ಕೂ ಹಸಿರು ಅಂಚು ಹೊಲಿದ ಹಾಗೆ ಕಾಣುತ್ತದೆ. ಧೂಳು ಹೆಚ್ಚಿರುವ ದಿನ ಈ ಅಂಚು ಇನ್ನೂ ಅಗಲ. ಬಿಸಿಲ ಹೊಳಪಿನದು ಇನ್ನೊಂದು ಕಾಟ. ಏಪ್ರಿಲಿನಿಂದ ಆಗಸ್ಟಿನವರೆಗೆ ಸೂರ್ಯ ನೆತ್ತಿಗೆ ಹತ್ತಿರ, ಅಲೆಗಳ ಮೇಲೆ ಬಿದ್ದ ಬಿಸಿಲು ಕನ್ನಡಿಯ ಹಾಗೆ ನೇರ ಕ್ಯಾಮೆರಾಕ್ಕೆ ಹೊಡೆಯುತ್ತದೆ. ಪತ್ತೆ ಹಚ್ಚುವುದು ಸುಲಭ: ನೀರಿನ ಮೇಲೆ ಉದ್ದುದ್ದ ಪಟ್ಟೆಗಳು ಕಾಣುತ್ತವೆ, ಏಕೆಂದರೆ ಉಪಗ್ರಹದ ಸಾಲು ಸೆನ್ಸರುಗಳಲ್ಲಿ ಸಮ ಸಂಖ್ಯೆಯವು ಒಂದು ಕೋನದಲ್ಲಿ, ಬೆಸ ಸಂಖ್ಯೆಯವು ಇನ್ನೊಂದು ಕೋನದಲ್ಲಿ ನೋಡುತ್ತವೆ. 1610 ನ್ಯಾನೊಮೀಟರಿನ ಬಿ11 ಬ್ಯಾಂಡಿನಲ್ಲಿ ನೀರು ಪೂರಾ ಕಪ್ಪಾಗಿರಬೇಕು. ನಡುನೀರಿನಲ್ಲೂ ಅದು ಬೆಳಗುತ್ತಿದ್ದರೆ ಹೊಳಪು ಇದೆ ಎಂದರ್ಥ. ತಿದ್ದುಪಡಿ ಇದೆ, ಆದರೆ ಜೋರು ಹೊಳಪಿನ ಚಿತ್ರವನ್ನು ಬಿಟ್ಟುಬಿಡುವುದೇ ಒಳ್ಳೆಯದು. ನಮ್ಮ ಪುಣ್ಯಕ್ಕೆ ಹಸಿರು ಹೆಚ್ಚುವ ಅಕ್ಟೋಬರ್, ನವೆಂಬರಿನಲ್ಲಿ ಸೂರ್ಯ ವಾಲಿರುತ್ತಾನೆ, ಆಕಾಶವೂ ತಿಳಿ.

ಮಳೆಗಾಲದ ರಾಡಿ ಬೇರೆಯೇ ವಿಷಯ. ಜುಲೈನಲ್ಲಿ ಹೊಸ ನೀರು ಬರುವಾಗ ಮೋಡ ಬಿಡುವುದೇ ಅಪರೂಪ. ರಾಡಿ ಅತಿ ಹೆಚ್ಚಿರುವಾಗಲೇ ಉಪಗ್ರಹಕ್ಕೆ ಕಣ್ಣು ಕಟ್ಟಿದಂತೆ. ಸಿಕ್ಕ ಒಂದೆರಡು ಚಿತ್ರಗಳಲ್ಲಿ ಕೆಂಪು ಬ್ಯಾಂಡಿನ ಪ್ರತಿಫಲನದಿಂದ ಕದಡಿನ ಅಳತೆ ತೆಗೆಯಬಹುದು. ಪ್ರತಿಫಲನವನ್ನು 0.1641ರಿಂದ ಭಾಗಿಸಿ ಬಂದದ್ದನ್ನು ಒಂದರಿಂದ ಕಳೆದು ಭಾಜಕ ಮಾಡಿಕೊಂಡು, 228.1 ಗುಣಿಸು ಪ್ರತಿಫಲನವನ್ನು ಅದರಿಂದ ಭಾಗಿಸುವ ಸೂತ್ರವೊಂದು ಚೆನ್ನಾಗಿ ಬಳಕೆಯಲ್ಲಿದೆ. 0.05 ಇದ್ದರೆ 16ರ ಹತ್ತಿರ ಬರುತ್ತದೆ, 0.12 ಇದ್ದರೆ 102. ಆದರೆ 0.16 ಆದರೆ ಭಾಜಕ ಸೊನ್ನೆಯ ಹತ್ತಿರ ಹೋಗಿ ಉತ್ತರ 1400 ದಾಟಿ ಅರ್ಥವಿಲ್ಲದಂತಾಗುತ್ತದೆ. ಕೆಂಪು ತುಂಬಿ ಹೋಯಿತು ಎಂದರ್ಥ. ಅದಕ್ಕೇ 0.05 ದಾಟಿದ ಮೇಲೆ ಅವಗೆಂಪಿನ ಬ್ಯಾಂಡನ್ನು ಬೆರೆಸಲು ಶುರುಮಾಡಿ, 0.07 ಮುಟ್ಟುವ ಹೊತ್ತಿಗೆ ಪೂರ್ತಿ ಅದಕ್ಕೇ ಹೊರಳಬೇಕು.

ರಾಡಿಯ ದಿನ ಎನ್‌ಡಿಸಿಐಯನ್ನು ನಂಬಬೇಡಿ. ಮಣ್ಣು ನೀರಿನಲ್ಲಿ ಬಿ4, ಬಿ5 ಹತ್ತಿರಹತ್ತಿರ ಇದ್ದು ಸೂಚ್ಯಂಕ ಸೊನ್ನೆಯ ಆಸುಪಾಸು ನಿಲ್ಲುತ್ತದೆ. ಸೂಚ್ಯಂಕದಿಂದ ಕ್ಲೋರೊಫಿಲ್ ತೆಗೆಯಲು ಎಲ್ಲರೂ ಎತ್ತಿಕೊಳ್ಳುವ ಸೂತ್ರ ಹೀಗಿದೆ: 14.039, ಅದಕ್ಕೆ 86.115 ಗುಣಿಸು ಸೂಚ್ಯಂಕ, ಅದಕ್ಕೆ 194.325 ಗುಣಿಸು ಸೂಚ್ಯಂಕದ ವರ್ಗ. ಸೂಚ್ಯಂಕ ಸೊನ್ನೆಯಾದರೂ ಅದು ಲೀಟರಿಗೆ 14 ಮೈಕ್ರೊಗ್ರಾಂ ಕ್ಲೋರೊಫಿಲ್ ಇದೆ ಎನ್ನುತ್ತದೆ, ಪಾಚಿಯ ಸುಳಿವೇ ಇಲ್ಲದ ಕೆಂಪು ನೀರಿನಲ್ಲೂ. ಸೂಚ್ಯಂಕ ಋಣ 0.22ಕ್ಕಿಂತ ಕೆಳಗಿಳಿದರೆ ವರ್ಗದ ಪದ ಗೆದ್ದು ಉತ್ತರ ಮತ್ತೆ ಏರತೊಡಗುತ್ತದೆ, ತಿಳಿ ನೀರು ಹಸಿರಾಗಿಬಿಡುತ್ತದೆ. ಆ ಸೂತ್ರ ಅಮೆರಿಕದ ಅಳಿವೆಗಳ ನೀರಿಗೆ ಹೊಂದಿಸಿದ್ದು. ಹಿನ್ನೀರಿನ ಬಾಟಲಿಗಳಿಂದ ನಮ್ಮದೇ ಗೆರೆ ಎಳೆಯಬೇಕಾದದ್ದು ಇದಕ್ಕೇ. ಒಂದೊಂದು ಬಿಂದುವಿನ ಸುತ್ತ 3 ಅಡ್ಡ 3 ಪಿಕ್ಸೆಲ್ ತೆಗೆದುಕೊಂಡು ಮಧ್ಯಾಂಕ ಹಿಡಿಯುತ್ತೇವೆ. ಒಂಬತ್ತೂ ತಮ್ಮತಮ್ಮಲ್ಲೇ ಬಹಳ ಬೇರೆಯಾಗಿದ್ದರೆ ಆ ಬಿಂದು ಕೆನೆಯ ಅಂಚಿನಲ್ಲಿದೆ ಎಂದು ತಿಳಿದು ಕೈಬಿಡುತ್ತೇವೆ. ಬಿಂದುಗಳಲ್ಲಿ ಮೂರರಲ್ಲೊಂದನ್ನು ಗೆರೆ ಎಳೆಯಲು ಬಳಸದೆ, ಪರೀಕ್ಷೆಗೆಂದು ಎತ್ತಿಡಬೇಕು.

ಕ್ಲೋರೊಫಿಲ್ ಇದೆ ಎಂದಾದ ಮೇಲೆ ಅದು ನೀಲಿ-ಹಸಿರು ಪಾಚಿಯದೋ ಬೇರೆ ಪಾಚಿಯದೋ ಎಂಬ ಪ್ರಶ್ನೆ ಉಳಿಯುತ್ತದೆ. ನೀಲಿ-ಹಸಿರಿಗೆ ವಿಶೇಷವಾದ ಫೈಕೊಸಯನಿನ್ ಬಣ್ಣ 620 ನ್ಯಾನೊಮೀಟರಿನಲ್ಲಿ ಬೆಳಕು ಹೀರುತ್ತದೆ, ಸೆಂಟಿನೆಲ್-2ರಲ್ಲಿ ಆ ಬ್ಯಾಂಡೇ ಇಲ್ಲ. ಸೆಂಟಿನೆಲ್-3ರ 21 ಬ್ಯಾಂಡುಗಳಲ್ಲಿ ಇದೆ, ಮತ್ತು ಅದು ಹೆಚ್ಚುಕಮ್ಮಿ ದಿನಾ ಬರುತ್ತದೆ. ಆದರೆ ಅದರ ಒಂದು ಪಿಕ್ಸೆಲ್ 300 ಮೀಟರ್, ಅಂದರೆ 20 ಮೀಟರಿನ 225 ಪಿಕ್ಸೆಲ್ ಒಂದಾದಂತೆ. ಅಣೆಕಟ್ಟಿನ ಮುಂದಿನ ಅಗಲ ನೀರಿಗೆ ಅದು ಸಾಕು, ಹಿನ್ನೀರಿನ ಕಿರಿದಾದ ಬಾಲಕ್ಕೂ ಸುತ್ತಲಿನ ಊರಕೆರೆಗಳಿಗೂ ಆಗುವುದಿಲ್ಲ. 2022ರ ನವೆಂಬರ್ 26ರಂದು ಇಸ್ರೊ ಹಾರಿಸಿದ ಓಷನ್‌ಸ್ಯಾಟ್-3ರ 13 ಬ್ಯಾಂಡಿನ ಕ್ಯಾಮೆರಾ ಕೂಡ 360 ಮೀಟರಿನದು. ದಿನನಿತ್ಯದ ಕಾವಲಿಗೆ ಸೆಂಟಿನೆಲ್-3, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಸೆಂಟಿನೆಲ್-2. ನಮ್ಮ ಕೆಲಸ ಹೀಗೆ ಎರಡನ್ನೂ ಹೊಲಿದುಕೊಂಡೇ ನಡೆಯುತ್ತದೆ.

ವಿಷವನ್ನು ಮಾತ್ರ ಯಾವ ಉಪಗ್ರಹವೂ ನೋಡುವುದಿಲ್ಲ. ನೀಲಿ-ಹಸಿರು ಪಾಚಿಯ ಕೋಶದೊಳಗೆ ಹುಟ್ಟುವ ಮೈಕ್ರೊಸಿಸ್ಟಿನ್ ಎಂಬ ವಿಷ ಇದೆಯೋ ಇಲ್ಲವೋ ಪ್ರಯೋಗಾಲಯವೇ ಹೇಳಬೇಕು. ಜೀವನಪೂರ್ತಿ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ತಾತ್ಕಾಲಿಕ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ನಮ್ಮ ಕೊಪ್ಪಳ, ರಾಯಚೂರಿನ ಹಳ್ಳಿಗಳನ್ನು ಕಾಡುವ ಅಂತರ್ಜಲದ ಫ್ಲೋರೈಡ್, ನೀರಿನಲ್ಲಿ ಕರಗಿದ ನೈಟ್ರೇಟ್, ರಂಜಕ, ಬೇಧಿ ತರುವ ರೋಗಾಣು ಇವ್ಯಾವುವೂ ಬಣ್ಣದಲ್ಲಿ ಕಾಣುವುದಿಲ್ಲ. ಉಪಗ್ರಹ ನೋಡುವುದು ಮೇಲಿನ ಪದರವನ್ನು. ದಪ್ಪ ಹಸಿರಿನಲ್ಲಿ ಅದು ಒಂದು ಮೀಟರೂ ಇರುವುದಿಲ್ಲ.

ಹಾಗಾಗಿ ನೀರು ಶುದ್ಧೀಕರಿಸುವವರಿಗೆ ಕಳಿಸುವ ಸಂದೇಶದಲ್ಲಿ ಅಂಕಿಗಿಂತ ಮೊದಲು ಜಾಗ, ಸರಿಯುತ್ತಿರುವ ದಿಕ್ಕು ಮತ್ತು ಚಿತ್ರದ ವೇಳೆ ಇರಬೇಕು. ಕೆನೆ ನೀರೆತ್ತುವ ಜಾಗದ ಕಡೆ ಬರುತ್ತಿದ್ದರೆ ಅವರು ಸಾಧ್ಯವಿದ್ದಲ್ಲಿ ಆಳದಿಂದ ನೀರೆತ್ತಬಹುದು, ಇದ್ದಿಲ ಪುಡಿಯನ್ನು ಸಿದ್ಧಮಾಡಿಕೊಳ್ಳಬಹುದು. ಗಾಬರಿಯಲ್ಲಿ ಮೊದಲೇ ಕ್ಲೋರಿನ್ ಅಥವಾ ಮೈಲುತುತ್ತ ಸುರಿದರೆ ಕೋಶ ಒಡೆದು ಒಳಗಿದ್ದ ವಿಷ ನೀರಿಗೆ ಕರಗುತ್ತದೆ. ಕೋಶ ಇಡಿಯಾಗಿರುವಾಗಲೇ ಗಸಿಯಾಗಿಸಿ ಸೋಸಿ ತೆಗೆಯುವುದು ಸುರಕ್ಷಿತ. ಊರವರಿಗೂ ಒಂದು ಮಾತು ತಲುಪಬೇಕು. ಹಸಿರು ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಮೈಕ್ರೊಸಿಸ್ಟಿನ್ ಹೋಗುವುದಿಲ್ಲ. ಕೆನೆ ಕಟ್ಟಿದ ದಂಡೆಯಲ್ಲಿ ದನಕರುಗಳಿಗೆ ನೀರು ಕುಡಿಸಬಾರದು.

ನಕ್ಷೆಯಲ್ಲಿ ಮೋಡ, ಮೋಡದ ನೆರಳು, ಬಿಸಿಲ ಹೊಳಪು ಇದ್ದ ಜಾಗಕ್ಕೆ ಬೂದು ಬಣ್ಣ ಹಾಕುತ್ತೇವೆ. ಪಕ್ಕದ ಅಂಕಿಯಿಂದ ಅಂದಾಜು ಮಾಡಿ ತುಂಬಿಸುವುದಿಲ್ಲ. ಕೆನೆಯೆಂದು ಗುರುತಿಸಿದ ಪಿಕ್ಸೆಲ್ಲುಗಳಿಗೆ ಬೇರೆಯೇ ಬಣ್ಣ ಕೊಟ್ಟು, ಅವು ಎಷ್ಟು ಹೆಕ್ಟೇರ್ ಎಂದು ಪ್ರತ್ಯೇಕವಾಗಿ ಬರೆಯುತ್ತೇವೆ. 20 ಮೀಟರಿನ 25 ಪಿಕ್ಸೆಲ್ ಸೇರಿದರೆ 1 ಹೆಕ್ಟೇರ್. ಕೆಲಸ ಮುಗಿದ ಮೇಲೂ ಮೂಲದ ಎಲ್1ಸಿ ಕಡತ, ತೆಪ್ಪದಲ್ಲಿ ಬರೆದ ಪೆನ್ಸಿಲ್ ಹಾಳೆಯ ಚಿತ್ರ, ತಂತ್ರಾಂಶದ ಆವೃತ್ತಿ, ಅದಕ್ಕೆ ಕೊಟ್ಟ ಆಯ್ಕೆಗಳು, ಎಲ್ಲವೂ ಒಂದೇ ಫೋಲ್ಡರಿನಲ್ಲಿ ತಾರೀಖಿನ ಹೆಸರಿನಲ್ಲಿ ಉಳಿಯಬೇಕು. ತಿದ್ದುಪಡಿಯ ವಿಧಾನ ನಾಳೆ ಸುಧಾರಿಸಿದರೆ ಚಿತ್ರವನ್ನು ಮತ್ತೆ ಓಡಿಸಬಹುದು. ಆ ಬೆಳಿಗ್ಗೆಯ ನೀರನ್ನು ಮತ್ತೆ ತುಂಬಿಕೊಳ್ಳಲು ಬರುವುದಿಲ್ಲ.